ತಡವರಿಸಲಿಕ್ಕೆ ಒಂದು ಜಾಗ

2014ರಲ್ಲಿ ಆರು ತಿಂಗಳು ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದೆ. ರಿಲೀಸ್ ಇದ್ದ ದಿನ ಆಫೀಸಿಂದ ಹೊರಡುವಾಗ ರಾತ್ರಿ ಒಂದೋ ಎರಡೋ ಗಂಟೆ. ನಿದ್ದೆ ಹತ್ತಬಾರದು ಅಂತ ಕಾರಿನ ರೇಡಿಯೋ ತಿರುಗಿಸುತ್ತಾ ಇದ್ದಾಗ ಸಿಕ್ಕಿದ್ದು ಎಎಂ 660, ನ್ಯೂಯಾರ್ಕಿನ ಡಬ್ಲ್ಯುಎಫ್‌ಎಎನ್. ಅಲ್ಲಿನವರು ಅದನ್ನು ‘ದ ಫ್ಯಾನ್’ ಅಂತಲೇ ಕರೆಯೋದು. ಹಾಡಿಲ್ಲ, ಸಿನಿಮಾ ಇಲ್ಲ. ಬರೀ ಆಟದ ಮಾತು, ಅದೂ ಫೋನ್ ಮಾಡಿದವರ ಜೊತೆ.

ಬೇಸ್‌ಬಾಲ್ ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಕ್ವೀನ್ಸ್‌ನಿಂದ ಯಾರೋ ಒಬ್ಬ ಫೋನ್ ಮಾಡಿ, ಮೆಟ್ಸ್ ತಂಡದವರು ಪಿಚರನ್ನು ಬದಲಾಯಿಸಲಿಲ್ಲ ಅಂತ ಮನೆಯಲ್ಲಿ ಸಾವಾದವನ ಹಾಗೆ ಗೋಳಾಡುತ್ತಿದ್ದ. ಹೋಸ್ಟ್ ಅವನನ್ನು ಸಮಾಧಾನ ಮಾಡೋದು ಬಿಟ್ಟು ಜಗಳಕ್ಕೇ ನಿಂತ. ನನಗೆ ನಮ್ಮೂರ ಅರಳಿಕಟ್ಟೆ ನೆನಪಾಯಿತು. ಅಲ್ಲೂ ಹೀಗೇ, ವಿಷಯ ಗೊತ್ತಿಲ್ಲದವನೂ ಎದ್ದು ಹೋಗೋಕಾಗಲ್ಲ.

ಆಮೇಲೆ ಈ ಸ್ಟೇಷನ್ನಿನ ಕಥೆ ಹುಡುಕಿ ಓದಿದೆ. ಶುರುವಾಗಿದ್ದು 1987ರ ಜುಲೈ 1ರ ಮಧ್ಯಾಹ್ನ ಮೂರಕ್ಕೆ. ಪೂರ್ತಿ ಕ್ರೀಡೆಗೇ ಮೀಸಲಾದ ಮೊದಲ ರೇಡಿಯೋ ಸ್ಟೇಷನ್ ಅಂತ ಹೆಸರಾದದ್ದು ಇದೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದಾಖಲೆಯಲ್ಲ, ಜೋ ಬೆನಿನೊ ಅನ್ನೋ ಒಬ್ಬ ಮನುಷ್ಯ.

ಬೆನಿನೊ ಮೊದಲು ರೇಡಿಯೋದವನೇ ಅಲ್ಲ, ಕೇಳುಗ. ನ್ಯೂಜೆರ್ಸಿಯ ಸ್ಯಾಡಲ್ ರಿವರ್ ಅನ್ನೋ ಊರಿಂದ ಪದೇ ಪದೇ ಫೋನ್ ಮಾಡುತ್ತಿದ್ದ. ‘ಸ್ಯಾಡಲ್ ರಿವರ್‌ನ ಜೋ’ ಅಂದರೆ ಉಳಿದ ಕೇಳುಗರಿಗೂ ಗೊತ್ತಿತ್ತು. ಜೆಟ್ಸ್, ಮೆಟ್ಸ್ ಅಭಿಮಾನಿ, ಅಂದರೆ ಸೋತು ಸೋತು ಹದವಾದವನು. ಅವನಿಗೆ ಒಮ್ಮೆ ಅತಿಥಿಯಾಗಿ ಮೈಕ್ ಕೊಟ್ಟು ನೋಡಿದರು. 1995ರಲ್ಲಿ ರಾತ್ರಿ ಪಾಳಿಯನ್ನೇ ಕೊಟ್ಟರು. 2004ರವರೆಗೆ, ಹೆಚ್ಚುಕಮ್ಮಿ ಒಂಬತ್ತು ವರ್ಷ ಊರೆಲ್ಲ ಮಲಗಿದ ಹೊತ್ತಲ್ಲಿ ಮಾತಾಡಿದ. ಆಮೇಲೆ ಹಗಲಿನ ಕಾರ್ಯಕ್ರಮ ಸಿಕ್ಕಿತು. 2020ರಲ್ಲಿ ನಿವೃತ್ತನಾದ.

ಈ ಕಥೆಯನ್ನು ಎಲ್ಲರೂ ‘ಅಭಿಮಾನಿಯ ಅದೃಷ್ಟ ಖುಲಾಯಿಸಿತು’ ಅಂತ ಹೇಳುತ್ತಾರೆ. ನನ್ನ ತಕರಾರು ಇರೋದೇ ಅಲ್ಲಿ. ಅದೃಷ್ಟ ಖುಲಾಯಿಸಿದ್ದು ಒಂದು ದಿನ. ಅವನು ಹೋಸ್ಟ್ ಆದದ್ದು ಒಂಬತ್ತು ವರ್ಷದಲ್ಲಿ. ರೇಡಿಯೋದವರು ‘ಹೊಸ ಪ್ರತಿಭೆ ಬೇಕು’ ಅಂದಾಗಲೆಲ್ಲ ಆ ಒಂದು ದಿನವನ್ನು ಮತ್ತೆ ಮಾಡಿ ತೋರಿಸುತ್ತಾರೆ: ಸ್ಪರ್ಧೆ, ಆಡಿಷನ್, ಒಬ್ಬ ವಿಜೇತ, ಚಪ್ಪಾಳೆ. ಒಂಬತ್ತು ವರ್ಷದ ಖರ್ಚು ಯಾರಿಗೂ ಬೇಡ.

ಆ ರಾತ್ರಿ ಪಾಳಿಯಲ್ಲಿ ಏನು ಕಲೀತಾರೆ ಅಂತ ಕೇಳಬಹುದು. ಸ್ಟುಡಿಯೋದಲ್ಲಿ ಒಬ್ಬನೇ ನಾಲ್ಕೈದು ಗಂಟೆ ತುಂಬಿಸಬೇಕು. ಫೋನ್ ಲೈನುಗಳೆಲ್ಲ ಖಾಲಿಯಾದರೂ ಮಾತು ನಿಲ್ಲಬಾರದು, ಯಾಕೆಂದರೆ ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ತಪ್ಪಿಲ್ಲ. ಜಾಹೀರಾತಿಗೆ ಹೋಗುವ ಮುಂಚೆ, ಕೇಳುಗ ಬೇರೆ ಸ್ಟೇಷನ್ನಿಗೆ ಹಾರದ ಹಾಗೆ ಏನಾದರೊಂದು ಕೊಕ್ಕೆ ಹಾಕಿ ಹೋಗಬೇಕು. ಕುಡಿದು ಫೋನ್ ಮಾಡಿದವನನ್ನು ಅವಮಾನ ಮಾಡದೆ ಇಳಿಸಬೇಕು. ತನಗಿಂತ ಹೆಚ್ಚು ಗೊತ್ತಿರೋ ಕೇಳುಗ ಸಿಕ್ಕರೆ ಸೋಲೊಪ್ಪಬೇಕು, ಆದರೂ ಕಾರ್ಯಕ್ರಮದ ಲಗಾಮು ಬಿಡಬಾರದು. ಇದ್ಯಾವುದನ್ನೂ ಹತ್ತು ನಿಮಿಷದ ಆಡಿಷನ್ನಲ್ಲಿ ಅಳೆಯೋಕೆ ಬರಲ್ಲ.

ಅಷ್ಟಕ್ಕೂ ಆಡಿಷನ್ ಅಳೆಯೋದು ಗಂಟಲನ್ನು. ಇದೇ ಸ್ಟೇಷನ್ನಿನ ಅತಿ ದೊಡ್ಡ ಜೋಡಿ ಮೈಕ್ ಫ್ರಾನ್ಸೆಸಾ ಮತ್ತು ಕ್ರಿಸ್ ರೂಸೊ. ‘ಮೈಕ್ ಅಂಡ್ ದ ಮ್ಯಾಡ್ ಡಾಗ್’ ಹೆಸರಲ್ಲಿ 1989ರಿಂದ 2008ರವರೆಗೆ ಮಧ್ಯಾಹ್ನದ ಹೊತ್ತನ್ನು ಆಳಿದವರು. ಫ್ರಾನ್ಸೆಸಾ ಅದಕ್ಕೂ ಮುಂಚೆ ಸಿಬಿಎಸ್ ಟಿವಿಯಲ್ಲಿ ತೆರೆಯ ಹಿಂದೆ ಅಂಕಿಅಂಶ ಹುಡುಕಿ ಕೊಡುತ್ತಿದ್ದವನು. ರೂಸೊ ಫ್ಲಾರಿಡಾದ ರೇಡಿಯೋಗಳಲ್ಲಿ ಪಳಗಿ ಬಂದವನು. ಅವನ ದನಿ ಕೇಳಿದ್ದೀರಾ? ಕೀರಲು. ಮಾತು ಒಂದರ ಮೇಲೊಂದು ಬಿದ್ದು ಉರುಳುತ್ತೆ. ಯಾವ ವಾಯ್ಸ್ ಟೆಸ್ಟಿನಲ್ಲೂ ಪಾಸಾಗೋ ಗಂಟಲಲ್ಲ ಅದು. ಆದರೆ ದಿನಾ ಐದಾರು ಗಂಟೆ ಕೇಳಿದ ಮೇಲೆ ಆ ಕೀರಲು ದನಿ ಇಲ್ಲದೆ ಸಂಜೆ ಆಗಲ್ಲ ಅನ್ನೋ ಹಾಗಾಯಿತು ಜನಕ್ಕೆ. ಕಿವಿಗೂ ರೂಢಿಯಾಗಲು ಸಮಯ ಬೇಕು.

ಈಗಿನ ಪರಿಸ್ಥಿತಿ ನೋಡಿ. ಅಮೆರಿಕದ ಬಹಳಷ್ಟು ಊರುಗಳ ಕ್ರೀಡಾ ರೇಡಿಯೋಗಳು ರಾತ್ರಿಯಾದ ಮೇಲೆ ಯಾವುದೋ ರಾಷ್ಟ್ರೀಯ ನೆಟ್‌ವರ್ಕಿನ ಕಾರ್ಯಕ್ರಮ ಹಾಕಿ ಕೈತೊಳೆದುಕೊಳ್ಳುತ್ತವೆ. ಲೆಕ್ಕ ಸರಳ. ರಾತ್ರಿ ಕೇಳೋರು ಕಮ್ಮಿ, ಜಾಹೀರಾತಿನ ದರ ಕಮ್ಮಿ, ಆ ಹೊತ್ತಿಗೆ ಸಂಬಳ ಯಾಕೆ ಕೊಡಬೇಕು? ಹಗಲಿಗೆ ಹೆಸರಿರುವ ಮಾಜಿ ಆಟಗಾರನನ್ನು ತಂದು ಕೂರಿಸಿದರೆ ಆಯಿತು. ಮಾಜಿ ಆಟಗಾರರೆಲ್ಲ ದಂಡ ಅಂತ ನಾನು ಹೇಳ್ತಾ ಇಲ್ಲ. 2007ರಿಂದ ಇದೇ ಫ್ಯಾನ್‌ನ ಬೆಳಗಿನ ಕಾರ್ಯಕ್ರಮ ನಡೆಸುತ್ತಿರುವ ಬೂಮರ್ ಎಸೈಸನ್ ಅಮೆರಿಕನ್ ಫುಟ್‌ಬಾಲಿನ ಮಾಜಿ ಕ್ವಾರ್ಟರ್‌ಬ್ಯಾಕ್, ಚೆನ್ನಾಗೇ ಮಾತಾಡುತ್ತಾನೆ. ಆದರೆ ಅವನ ಹೆಸರನ್ನು ಬೆಳೆಸಿದ್ದು ಮೈದಾನ. ರೇಡಿಯೋ ತಾನೇ ಬೆಳೆಸಿದ ಹೆಸರು ಬೆನಿನೊನದ್ದು. ರಾತ್ರಿ ಪಾಳಿ ಮುಚ್ಚಿದ ಮ್ಯಾನೇಜರನೇ ನಾಳೆ ‘ಒಳ್ಳೆ ಹುಡುಗರು ಸಿಗ್ತಾ ಇಲ್ಲ’ ಅಂತ ಗೊಣಗುತ್ತಾನೆ. ಒಟ್ಲು ಹಾಕದೆ ನಾಟಿಗೆ ಪೈರು ಎಲ್ಲಿಂದ ಬರಬೇಕು ಸ್ವಾಮಿ?

ಈಗ ಪಾಡ್‌ಕಾಸ್ಟ್ ಇದೆಯಲ್ಲ, ಅದೇ ಹೊಸ ರಾತ್ರಿ ಪಾಳಿ ಅನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಶುರು ಮಾಡಬಹುದು, ಅದು ಸಣ್ಣ ವಿಷಯವಲ್ಲ. ಆದರೆ ಅಲ್ಲಿ ತಡವರಿಸಿದ್ದನ್ನು ಎಡಿಟ್ ಮಾಡಿ ತೆಗೆಯಬಹುದು. ಗೊತ್ತಿಲ್ಲದವನೊಬ್ಬ ಫೋನ್ ಮಾಡಿ ‘ನೀನು ಹೇಳಿದ್ದು ತಪ್ಪು’ ಅನ್ನಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಾರನೇ ದಿನ ಪಕ್ಕದಲ್ಲಿ ಕೂರಿಸಿಕೊಂಡು ಟೇಪ್ ಹಾಕಿ, ಇಲ್ಲಿ ಎಳೆದೆ, ಇಲ್ಲಿ ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ ಅಂತ ತೋರಿಸೋ ಹಿರಿಯರಿಲ್ಲ. ರೇಡಿಯೋದವರು ಇದಕ್ಕೆ ಏರ್‌ಚೆಕ್ ಅಂತಾರೆ. ನಮ್ಮ ಕೋಡ್ ರಿವ್ಯೂ ಇದ್ದ ಹಾಗೆ. ಅದಿಲ್ಲದೆ ಬರೆದ ಕೋಡೂ ಓಡುತ್ತೆ, ಆದರೆ ಬರೆದವನು ಬೆಳೆಯೋದು ನಿಧಾನ.

ಫ್ಯಾನ್‌ನ ಹಳೇ ಪದ್ಧತಿಯಲ್ಲೂ ದೊಡ್ಡದೊಂದು ತೂತಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಫೋನ್ ಮಾಡುವವರಲ್ಲಿ ಹೆಚ್ಚಿನವರು ಗಂಡಸರು. ಅವರೊಳಗಿಂದಲೇ ಹೋಸ್ಟ್ ಹುಡುಕಿದರೆ ಕುರ್ಚಿಯಲ್ಲಿ ಕೂರೋರೂ ಗಂಡಸರೇ ಆಗುತ್ತಾರೆ. ತಮಾಷೆ ಏನು ಗೊತ್ತಾ? 1987ರ ಆ ಮಧ್ಯಾಹ್ನ ಸ್ಟೇಷನ್ನಲ್ಲಿ ಮೊಟ್ಟಮೊದಲು ಕೇಳಿಸಿದ ದನಿ ಸೂಜಿನ್ ವಾಲ್ಡ್‌ಮನ್ ಅವರದು, ಹೆಣ್ಣುದನಿ. ಸಂಗೀತ ನಾಟಕಗಳಲ್ಲಿ ಹಾಡಿ ನಟಿಸುತ್ತಿದ್ದವರು ಅವರು. ವರದಿಗಾರ್ತಿಯಾಗಿ ವರ್ಷಗಟ್ಟಲೆ ದುಡಿದು, 2005ರಲ್ಲಿ ಯಾಂಕೀಸ್ ತಂಡದ ರೇಡಿಯೋ ಕಾಮೆಂಟರಿಗೆ ಕಾಯಂ ಆದರು. ಶುರುವಿನಲ್ಲೇ ಇಂಥ ಒಂದು ದನಿ ಇದ್ದೂ, ಫ್ಯಾನ್‌ನ ಮುಖ್ಯ ಹೊತ್ತುಗಳ ಹೋಸ್ಟ್ ಕುರ್ಚಿ ಹೆಚ್ಚಾಗಿ ಗಂಡಸರ ಪಾಲಿಗೇ ಉಳಿಯಿತು. ಜಾಗ ಕೊಟ್ಟರೆ ಸಾಲದು, ಯಾರಿಗೆ ಕೊಡ್ತಾ ಇದ್ದೀವಿ ಅಂತಲೂ ನೋಡಬೇಕು.

ನಮ್ಮ ಕಡೆ ಏನು? ನಮ್ಮ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವಂತಿಲ್ಲ. ಆದರೆ 2011ರ ಮೂರನೇ ಹಂತದ ನೀತಿಯಲ್ಲಿ ಕ್ರೀಡೆಯ ಮಾಹಿತಿಗೆ ಅವಕಾಶ ಇದೆ, ಸ್ಥಳೀಯ ಆಟಗಳ ನೇರ ಕಾಮೆಂಟರಿಗೂ ಬಾಗಿಲು ತೆರೆದಿದೆ. ದನಿಗಳಿಗೂ ಬರ ಇಲ್ಲ. ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆದರೆ, ಮೈಕ್‌ಸೆಟ್‌ನವನ ಪಕ್ಕ ಕೂತು ಕಾಮೆಂಟರಿ ಹೇಳೋನು ಒಬ್ಬ ಇರುತ್ತಿದ್ದ. ಮೊದಲ ವರ್ಷ ಆಟಗಾರರ ಹೆಸರನ್ನೆಲ್ಲ ಅದಲುಬದಲು ಮಾಡಿ ಬೈಸಿಕೊಂಡ. ಐದನೇ ವರ್ಷಕ್ಕೆ ಪಕ್ಕದೂರಿನ ಹೆಂಗಸರು ಅವನ ಮಾತು ಕೇಳಲಿಕ್ಕೇ ಟಾರ್ಚ್ ಹಿಡಿದು ಬರೋರು. ಅವನಿಗೆ ತರಬೇತಿ ಅಂತ ಸಿಕ್ಕಿದ್ದು ಆ ಐದು ವರ್ಷದ ಬೈಗುಳ, ಮತ್ತು ಮರುವರ್ಷವೂ ಅವನ ಕೈಗೇ ಮೈಕ್ ಕೊಟ್ಟ ಊರಿನ ತಾಳ್ಮೆ.

ಇಷ್ಟೆಲ್ಲ ಬರೆಯೋ ಹಕ್ಕು ನನಗಿದೆಯಾ ಅನ್ನೋದೇ ಈಗ ಅನುಮಾನ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ, ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗ ನನಗೆ ಇಂಗ್ಲಿಷಲ್ಲಿ ಎರಡು ವಾಕ್ಯ ನೆಟ್ಟಗೆ ಬರುತ್ತಿರಲಿಲ್ಲ. ಮೊದಲ ಕೆಲಸದಲ್ಲಿ ನೈಟ್ ಶಿಫ್ಟ್ ಸಪೋರ್ಟಿಗೆ ಹಾಕಿದರು. ರಾತ್ರಿ ಮೂರಕ್ಕೆ ಕ್ಲೈಂಟ್ ಕಾಲ್. ತಪ್ಪು ತಪ್ಪಾಗಿ ಮಾತಾಡಿದೆ, ದಿನಾ ಮಾತಾಡಿದೆ. ನನ್ನ ಲೀಡ್ ಕಾಲ್ ಮುಗಿದ ಮೇಲೆ ಟೀ ಕುಡಿಸುತ್ತಾ, ಆ ವಾಕ್ಯ ಹಾಗಲ್ಲ, ಹೀಗೆ ಹೇಳಬೇಕಿತ್ತು ಅನ್ನೋರು. ಎರಡು ವರ್ಷಕ್ಕೆ ನಾಲಿಗೆ ಹೊರಳಿತು.

ಹೋದ ತಿಂಗಳು ನಾನೇ ಒಬ್ಬ ಹುಡುಗನ ಇಂಟರ್‌ವ್ಯೂ ಮಾಡಿದೆ. ಸಣ್ಣ ಊರಿನ ಕಾಲೇಜು. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಗೊತ್ತಿತ್ತು, ಹೇಳಲಿಕ್ಕೆ ತಡವರಿಸಿದ. ಒಂದು ಸಲ ‘ಸಾರ್, ಕನ್ನಡದಲ್ಲಿ ಹೇಳ್ಲಾ?’ ಅಂತಲೂ ಕೇಳಿದ. ಜೊತೆಗೆ ಕನ್ನಡ ಬಾರದ ಇನ್ನೊಬ್ಬರಿದ್ದರು, ಬೇಡ ಅಂದೆ. ಫೀಡ್‌ಬ್ಯಾಕ್ ಫಾರಂನಲ್ಲಿ ‘ಕಮ್ಯುನಿಕೇಶನ್ ವೀಕ್’ ಅಂತ ಬರೆದು ರಿಜೆಕ್ಟ್ ಮಾಡಿದೆ. ನಾನು ಕಲಿತ ಆ ನೈಟ್ ಶಿಫ್ಟ್ ಈಗ ನಮ್ಮಲ್ಲಿಲ್ಲ. ಅದರ ಮುಕ್ಕಾಲು ಭಾಗ ಕೆಲಸವನ್ನು ಸ್ಕ್ರಿಪ್ಟುಗಳು ಮಾಡುತ್ತವೆ. ಅವನ್ನು ಬರೆದವರಲ್ಲಿ ನಾನೂ ಒಬ್ಬ.

ರಾತ್ರಿ ಹೊತ್ತಿಗೆ ಯಾಕೆ ಸಂಬಳ ಕೊಡಬೇಕು ಅಂದ ರೇಡಿಯೋ ಮ್ಯಾನೇಜರನನ್ನು ಮೇಲೆ ಬೈದೆನಲ್ಲ, ಅವನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಏನೂ ವ್ಯತ್ಯಾಸವಿಲ್ಲ. ಫಾರಂ ಇನ್ನೂ ಸಿಸ್ಟಂನಲ್ಲಿದೆ. ತಿದ್ದಬಹುದಾ ಅಂತ ಸೋಮವಾರ ಎಚ್‌ಆರ್‌ನವರನ್ನು ಕೇಳಬೇಕು.