ಇಬ್ಬರ ರಾಜೀನಾಮೆ

ನನ್ನ ಮೇಲ್‌ಬಾಕ್ಸಿನ ಡ್ರಾಫ್ಟ್ ಫೋಲ್ಡರಿನಲ್ಲಿ ಹನ್ನೊಂದು ತಿಂಗಳಿಂದ ಒಂದು ರಾಜೀನಾಮೆ ಪತ್ರ ಕೂತಿದೆ. ನಾಲ್ಕೇ ಸಾಲು. ಇಷ್ಟು ವರ್ಷ ಅವಕಾಶ ಕೊಟ್ಟಿದ್ದಕ್ಕೆ ವಂದನೆ, ಇನ್ನು ಮುಂದೆ ಪೂರ್ತಿ ಸಮಯ ಬರವಣಿಗೆಗೆ ಕೊಡಬೇಕೆಂದಿದ್ದೇನೆ, ದಯವಿಟ್ಟು ಒಪ್ಪಿಕೊಳ್ಳಿ, ಇಂತಿ. ಪ್ರತಿ ತಿಂಗಳ ಕೊನೇ ವಾರ ಅದನ್ನು ತೆಗೆದು ಓದ್ತೀನಿ, ಒಂದು ಅಲ್ಪವಿರಾಮ ಸರಿ ಮಾಡ್ತೀನಿ. ಅಷ್ಟರಲ್ಲಿ ಸಂಬಳದ ಮೆಸೇಜು ಬರುತ್ತೆ. ಮುಚ್ಚಿಡ್ತೀನಿ.

ನಿಮ್ಮಲ್ಲೂ ಕೆಲವರ ಹತ್ತಿರ ಇಂಥದ್ದೊಂದು ಪತ್ರ ಇರುತ್ತೆ ಅಂತ ನನಗೆ ಗೊತ್ತು. ಕ್ಯಾಂಟೀನಿನಲ್ಲಿ ಪಕ್ಕ ಕೂತವರನ್ನು ಸ್ವಲ್ಪ ಕೆದಕಿದರೆ ಸಾಕು, ಒಬ್ಬರೊಳಗೊಂದು ಕಾದಂಬರಿ, ಇನ್ನೊಬ್ಬರೊಳಗೊಂದು ಚಿತ್ರಕಥೆ. ಎಲ್ಲರ ಕನಸಿಗೂ ಹಿನ್ನೆಲೆ ಒಂದೇ, ಕೊಡಗು. ಹಂಚಿನ ಮನೆ, ಜಗಲಿ, ಎದುರಿಗೆ ಮಂಜು, ಕೈಯಲ್ಲಿ ಕಾಫಿ, ಮಡಿಲಲ್ಲಿ ಲ್ಯಾಪ್‌ಟಾಪು. ಬರೆಯೋದೊಂದು ಬಾಕಿ.

ಹೋದ ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಮಡಿಕೇರಿ ಕಡೆ ಹೋದೆ, ಆ ಜಗಲಿಯನ್ನೊಮ್ಮೆ ನೋಡಿಬರೋಣ ಅಂತ. ಜೊತೆಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಇಟ್ಟುಕೊಂಡಿದ್ದೆ. ಕೊಡಗಿನಲ್ಲಿ ಕೂತು ಕೊಡಗಿನ ಕಾದಂಬರಿ ಓದೋದು, ಮೂಡು ಬರುತ್ತೆ ಅನ್ನೋ ಲೆಕ್ಕ. ಇನ್ನೂ ಒಂದು ಕಾರಣ ಇತ್ತು. ಮಾಸ್ತಿ ದೊಡ್ಡ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟವರು. ನಮ್ಮ ಕಡೆಯವರು, ಧೈರ್ಯ ತುಂಬುತ್ತಾರೆ ಅಂದುಕೊಂಡಿದ್ದೆ.

ಧೈರ್ಯ ತುಂಬಲಿಲ್ಲ. ಆದರೆ ನನ್ನ ಪತ್ರದಲ್ಲಿ ಸುಳ್ಳು ಎಲ್ಲಿದೆ ಅಂತ ತೋರಿಸಿಕೊಟ್ಟರು.

ಕಾದಂಬರಿಯ ಕಥೆ ಹಲವರಿಗೆ ಗೊತ್ತಿರುತ್ತೆ. ಹಾಲೇರಿ ವಂಶದ ಕೊನೆಯ ದೊರೆ ಚಿಕವೀರ ರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದು 1834ರಲ್ಲಿ ರಾಜ್ಯ ಕಳೆದುಕೊಂಡ. ಕುಡಿತ, ಹೆಣ್ಣು, ಅನುಮಾನ, ಕ್ರೌರ್ಯ. ಅವನ ಬಾಲ್ಯದ ಗೆಳೆಯ ಕುಂಟ ಬಸವ ಮಂತ್ರಿಯಾಗಿ ಬೆಳೆದು ಊರಿಗೇ ಕಂಟಕನಾಗುತ್ತಾನೆ. ರಾಣಿ ಗೌರಮ್ಮ ಗಂಡನನ್ನು ತಿದ್ದಲು ಕೊನೆವರೆಗೂ ಹೆಣಗುತ್ತಾಳೆ. ಇನ್ನಿಬ್ಬರು ಮಂತ್ರಿಗಳು ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ, ಒಳ್ಳೆಯವರು, ಕೆಲಸ ಬಲ್ಲವರು. ದೊರೆಯ ತಂಗಿಯ ಮಗುವಿನ ಕೊಲೆಯಾಗುತ್ತೆ. ಇಂಗ್ಲಿಷರ ಸೈನ್ಯ ಬರುತ್ತೆ. ರಾಜ್ಯ ಹೋಗುತ್ತೆ.

ಸಾಮಾನ್ಯವಾಗಿ ನಾವು ಇದನ್ನು ಒಂದು ರಾಜ್ಯ ಬಿದ್ದ ಕಥೆ ಅಂತ ಓದುತ್ತೇವೆ. ಪರೀಕ್ಷೆಗೂ ಹಾಗೇ ಬರೆದಿದ್ದೇವೆ. ಹತ್ತು ವರ್ಷ ಸಂಬಳಕ್ಕೆ ದುಡಿದವನು ಓದಿದರೆ ಅದು ಬೇರೆಯೇ ಪುಸ್ತಕ. ಅದರಲ್ಲಿ ಮಂಜಿಗಿಂತ ಮಾತುಕತೆ ಹೆಚ್ಚು. ಕೆಟ್ಟ ಯಜಮಾನನ ಕೈಕೆಳಗೆ ಒಳ್ಳೆಯ ನೌಕರರು ಏನು ಮಾಡ್ತಾರೆ ಅನ್ನೋದೇ ಅದರ ನಿಜವಾದ ವಿಷಯ. ಯಾರು ಎದುರು ಮಾತಾಡ್ತಾರೆ, ಯಾರು ಇವತ್ತು ಬೇಡ ನಾಳೆ ಹೇಳೋಣ ಅಂತಾರೆ, ಯಾರು ಯಜಮಾನನ ಕೆಟ್ಟ ಚಟದಲ್ಲೇ ತನ್ನ ಬಡ್ತಿ ಕಂಡುಕೊಳ್ತಾರೆ. ಬಸವನಂಥವರನ್ನು ನಾನು ನೋಡಿದ್ದೇನೆ. ಲಕ್ಷ್ಮೀನಾರಾಯಣಯ್ಯನಂಥವರ ಪಕ್ಕದಲ್ಲೇ ಕೂತು ಊಟ ಮಾಡಿದ್ದೇನೆ. ನಾನೇ ಅವರಾಗಿದ್ದ ದಿನಗಳೂ ಉಂಟು.

ಇದನ್ನೆಲ್ಲ ಇಷ್ಟು ಸೂಕ್ಷ್ಮವಾಗಿ ಬರೆದವರು ಯಾರು? 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಮೈಸೂರು ಸಿವಿಲ್ ಸರ್ವೀಸಿಗೆ ಸೇರಿ, ಅಸಿಸ್ಟೆಂಟ್ ಕಮಿಷನರ್ ಆಗಿ ಶುರುಮಾಡಿ, ಊರೂರು ವರ್ಗವಾಗಿ, 25 ವರ್ಷಕ್ಕೂ ಮಿಕ್ಕಿ ಕಡತ ನೋಡಿದ ಮನುಷ್ಯ. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಸಿಕ್ಕಿ ತಮಗೆ ತಪ್ಪಿದಾಗ, 1943ರಲ್ಲಿ, ರಾಜೀನಾಮೆ ಕೊಟ್ಟು ಬಂದವರು. ಗಮನಿಸಿ, ಬರೀಬೇಕು ಅಂತ ಬಿಟ್ಟಿದ್ದಲ್ಲ. ಬರೆಯೋಕೆ ಅವರು ಯಾವತ್ತೂ ಯಾರ ಅಪ್ಪಣೆಗೂ ಕಾದವರಲ್ಲ. 'ಕೆಲವು ಸಣ್ಣ ಕಥೆಗಳು' ಬಂದಿದ್ದು 1920ರಲ್ಲಿ, 'ಸುಬ್ಬಣ್ಣ' 1928ರಲ್ಲಿ. ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದು 1929ರಲ್ಲಿ. ಎಲ್ಲವೂ ಕೆಲಸದಲ್ಲಿದ್ದಾಗಲೇ. ಕೆಲಸ ಬಿಟ್ಟಿದ್ದು ಮರ್ಯಾದೆಯ ಪ್ರಶ್ನೆಗೆ.

ಹಾಗಾದರೆ ಬಿಟ್ಟಿದ್ದರಿಂದ ಬರವಣಿಗೆಗೆ ಏನೂ ಸಿಗಲಿಲ್ಲವಾ? ಸಿಕ್ಕಿತು, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕೆಲಸದಲ್ಲಿದ್ದಾಗಿನ ಅವರ ಗದ್ಯ ನೋಡಿ: ಸಣ್ಣ ಕಥೆ, ನೀಳ್ಗತೆ. ಎರಡು ಕ್ಯಾಂಪುಗಳ ನಡುವೆ ಮುಗಿಸಬಹುದಾದ ಅಳತೆ. ದೊಡ್ಡ ಐತಿಹಾಸಿಕ ಕಾದಂಬರಿಗಳಾದ 'ಚೆನ್ನಬಸವನಾಯಕ' ಮತ್ತು 'ಚಿಕವೀರ ರಾಜೇಂದ್ರ' ಎರಡೂ ಬಂದಿದ್ದು ರಾಜೀನಾಮೆಯ ನಂತರ. ಉದ್ದನೆಯ ಉಸಿರಿಗೆ ಉದ್ದನೆಯ ಸಮಯ ಬೇಕು. ಇದು ನಮ್ಮ ಕನಸಿನ ಪರವಾಗಿ ಸಿಗುವ ಒಳ್ಳೆಯ ಸಾಕ್ಷಿ, ಅದನ್ನು ಬಚ್ಚಿಡೋದಿಲ್ಲ.

ಆದರೆ ಆ ಸಮಯದೊಳಗೆ ಅವರು ಏನು ತುಂಬಿದರು ಅನ್ನೋದೇ ಮುಖ್ಯ. 'ಚಿಕವೀರ ರಾಜೇಂದ್ರ' ಬಂದಿದ್ದು 1956ರಲ್ಲಿ, ರಾಜೀನಾಮೆಯ ಹದಿಮೂರು ವರ್ಷದ ಮೇಲೆ, ಕೊಡಗು ತನ್ನ ಪ್ರತ್ಯೇಕ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ. ಇಡೀ ಪುಸ್ತಕದ ನಡೆ ಒಬ್ಬ ಅನುಭವಸ್ಥ ಅಧಿಕಾರಿಯ ವಿಚಾರಣೆಯ ನಡೆ. ಪ್ರತಿಯೊಬ್ಬರ ಹೇಳಿಕೆಯನ್ನೂ ಕೇಳುತ್ತಾರೆ. ಬಸವನಿಗೂ ಒಂದು ಹುಟ್ಟಿನ ಗಾಯ ಇದೆ ಅಂತ ದಾಖಲಿಸುತ್ತಾರೆ. ದೊರೆಯ ಕ್ರೌರ್ಯಕ್ಕೂ ಒಂದು ಹಿನ್ನೆಲೆ ಕೊಡುತ್ತಾರೆ. ಮಗುವಿನ ಕೊಲೆಯ ಹೊತ್ತಿನಲ್ಲೂ ದನಿ ಏರಿಸುವುದಿಲ್ಲ. ಪುಸ್ತಕದ ಶಕ್ತಿ ಇದೇ, ಮಿತಿಯೂ ಇದೇ. ನನಗೆ ಕೆಲವು ಕಡೆ ಸಿಟ್ಟು ಬಂತು. ಹೊಲದಲ್ಲಿ ನಿಂತ ಕೊಡಗಿನ ಸಾಮಾನ್ಯನಿಗೆ ಇವರು ಕುರ್ಚಿ ಹಾಕಿ ಹೇಳಿಕೆ ಬರೆದುಕೊಳ್ಳುವುದು ಕಡಿಮೆ. ಅರಮನೆ, ಮಂತ್ರಿಗಳು, ತಕ್ಕರು, ಇಷ್ಟರಲ್ಲೇ ಸಭೆ ಮುಗಿಯುತ್ತೆ. ಗೌರಮ್ಮನ ಸಹನೆಗೆ ಎಲ್ಲಾದರೂ ಒಂದು ಬಿರುಕು ಬಿಡಬಾರದಿತ್ತೇ ಅನಿಸಿತು. ಕಡತ ಬರೆದ ಕೈ, ಕಡತದ ಗುಣವನ್ನೂ ದೋಷವನ್ನೂ ಜೊತೆಗೇ ತಂದಿದೆ. ಕುರ್ಚಿ ಬಿಟ್ಟು ಬಂದರೂ ಕುರ್ಚಿಯಲ್ಲಿ ಕಲಿತ ನೋಟ ಬಿಟ್ಟು ಬರಲಿಲ್ಲ. ಜ್ಞಾನಪೀಠ ಬಂದಿದ್ದು ಈ ನೋಟದ ಪುಸ್ತಕಕ್ಕೇ, 1983ರ ಸಾಲಿನದು.

ಈಗ ಬೋಪಣ್ಣನ ವಿಷಯಕ್ಕೆ ಬರ್ತೀನಿ, ನನ್ನ ನಿದ್ದೆ ಕೆಡಿಸಿದ್ದು ಅವನು. ಮರ್ಯಾದೆಯ ಪ್ರಶ್ನೆಗೆ ಕೆಲಸ ಬಿಟ್ಟ ಲೇಖಕ, ಯಜಮಾನನನ್ನು ಬಿಡುವ ಮಂತ್ರಿಯ ಬಗ್ಗೆ ಬರೆಯುವಾಗ ಏನು ಮಾಡಬಹುದಿತ್ತು? ಸೇಡು ತೀರಿಸಿಕೊಳ್ಳಬಹುದಿತ್ತು. ಬೋಪಣ್ಣನನ್ನು ವೀರನನ್ನಾಗಿ ಮಾಡಿ, ಮೇಲಿನವರ ಮುಖಕ್ಕೆ ಕಾಗದ ಎಸೆದು ಹೊರನಡೆದ ಸೀನು ಬರೆಯಬಹುದಿತ್ತು. ನಾವೆಲ್ಲ ಮನಸ್ಸಿನಲ್ಲಿ ಶೂಟಿಂಗ್ ಮಾಡಿಟ್ಟುಕೊಂಡಿರೋದು ಆ ಸೀನನ್ನೇ. ಮಾಸ್ತಿ ಅದನ್ನು ಬರೆಯಲಿಲ್ಲ. ಬೋಪಣ್ಣ ದೊರೆಯಿಂದ ಹೊರಳುವುದು ಅಳೆದೂ ಸುರಿದೂ, ಉಪ್ಪಿನ ಋಣ ಒಂದು ಕಡೆ, ನಾಡಿನ ಋಣ ಒಂದು ಕಡೆ ಎಳೆಯುವಾಗ. ಹೊರಳಿದ್ದು ಸರಿ ಅಂತ ನಮಗೆ ಅನಿಸುತ್ತೆ. ಆದರೂ ಅದರ ಫಲವಾಗಿ ಬಾಗಿಲಿನಿಂದ ಒಳಗೆ ಬರೋದು ಯಾರು? ಕಂಪನಿ.

ಅಕ್ಷರಶಃ ಕಂಪನಿ. ಈಸ್ಟ್ ಇಂಡಿಯಾ ಕಂಪನಿ. 1834ರ ಏಪ್ರಿಲಿನಲ್ಲಿ ಕರ್ನಲ್ ಫ್ರೇಸರ್ ಮಡಿಕೇರಿಗೆ ಬಂದ. ಮೇ ತಿಂಗಳಲ್ಲಿ ಕೊಡಗು ಕಂಪನಿಯ ವಶವಾಯಿತು ಅಂತ ಘೋಷಣೆಯಾಯಿತು. ಕಾದಂಬರಿಯಿಂದ ಒಂದು ಹೆಜ್ಜೆ ಹೊರಗೆ ಬಂದು ಚರಿತ್ರೆ ನೋಡಿದರೆ ಇನ್ನೂ ಇದೆ: ದೊರೆಯ ದಿವಾನರು ಕಂಪನಿಯ ಕೈಕೆಳಗೂ ದಿವಾನರಾಗಿಯೇ ಮುಂದುವರಿದರು. 1837ರ ದಂಗೆಯನ್ನು ಅಡಗಿಸಲು ಕಂಪನಿಗೆ ನೆರವಾದವರಲ್ಲಿ ದಿವಾನ್ ಬೋಪು ಕೂಡ ಒಬ್ಬರು. ಕೆಟ್ಟ ಯಜಮಾನನನ್ನು ಬಿಟ್ಟವರು ಯಜಮಾನನೇ ಇಲ್ಲದ ಜಾಗಕ್ಕೆ ಹೋಗಲಿಲ್ಲ. ಇನ್ನೂ ದೊಡ್ಡ ಯಜಮಾನನ ಹತ್ತಿರ ಹೋದರು.

ಇದನ್ನು ಓದಿ ನಾನು ಪುಸ್ತಕ ಮಡಚಿಟ್ಟೆ. ಕೆಲಸ ಬಿಟ್ಟು ಪೂರ್ತಿ ಸಮಯ ಬರೆಯುವವನು ಯಾರ ಕೈಕೆಳಗೆ ಹೋಗುತ್ತಾನೆ? ಬರೆದೇ ಬದುಕುವುದು ಅಂದರೆ ತಿಂಗಳ ಬಾಡಿಗೆಗೆ ಬೇಕಾದಷ್ಟು ಬರೆಯುವುದು ಅಂತಲೂ ಅರ್ಥ. ಅನಕೃ ಪೆನ್ನನ್ನೇ ನಂಬಿ ಬದುಕಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಷ್ಟು ಬರೆಯಲೇಬೇಕಾದ ಬದುಕು ಸಣ್ಣ ಒತ್ತಡದ್ದಲ್ಲ. ಈಗಾದರೆ ಜಾಹೀರಾತಿನ ಕಾಪಿ, ಸೀರಿಯಲ್ಲಿನ ಸಂಭಾಷಣೆ, ಯಾರದ್ದೋ ಹೆಸರಿನಲ್ಲಿ ಬರುವ ಆತ್ಮಕಥೆ. ತಪ್ಪೇನಿಲ್ಲ, ದುಡಿಮೆ ದುಡಿಮೆಯೇ. ಆದರೆ ಅದಕ್ಕೆ ಸ್ವಾತಂತ್ರ್ಯ ಅಂತ ಹೆಸರಿಟ್ಟುಕೊಂಡು ಹೊರಟರೆ ಮೋಸ ಹೋಗೋದು ನಾವೇ.

ಕೊಡಗಿನಲ್ಲೇ ಬದುಕಿದ ಇಬ್ಬರು ಕನ್ನಡ ಲೇಖಕರನ್ನು ಇದೇ ಲೆಕ್ಕದಲ್ಲಿ ನೋಡಬೇಕು. ಭಾರತೀಸುತ ಮೇಷ್ಟರ ಕೆಲಸ ಮಾಡಿಕೊಂಡೇ ಬರೆದವರು. 'ಎಡಕಲ್ಲು ಗುಡ್ಡದ ಮೇಲೆ', 'ಗಿರಿಕನ್ಯೆ', 'ಹುಲಿಯ ಹಾಲಿನ ಮೇವು' ಸಿನಿಮಾ ಮೂಲಕ ನಮ್ಮ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತು. ಆ ಕಥೆಗಳ ಹಿಂದೆ ದಿನಾ ಶಾಲೆಯ ಗಂಟೆಗೆ ಓಗೊಟ್ಟ ಒಬ್ಬ ಮನುಷ್ಯ ಇದ್ದರು ಅನ್ನೋದು ನಮಗೆ ಮರೆತುಹೋಗುತ್ತೆ. ಇನ್ನೊಬ್ಬರು ಕೊಡಗಿನ ಗೌರಮ್ಮ, 1912ರಲ್ಲಿ ಹುಟ್ಟಿ 1939ರಲ್ಲಿ ಹಾರಂಗಿಯ ನೀರಿನಲ್ಲಿ ತೀರಿಕೊಂಡವರು. ಇಪ್ಪತ್ತೇಳು ವರ್ಷ. ಎಸ್ಟೇಟಿನ ಮನೆ, ಗಂಡ, ಮಗು, ಸಂಸಾರ. ಅದು ರಾಜೀನಾಮೆ ಕೊಡೋಕಾಗದ ಕೆಲಸ, ನೋಟಿಸ್ ಪೀರಿಯಡ್ಡೇ ಇಲ್ಲ. ಅಷ್ಟರಲ್ಲೇ 'ಕಂಬನಿ', 'ಚಿಗುರು' ಸಂಕಲನಗಳ ಕಥೆಗಳನ್ನು ಬರೆದಿಟ್ಟು ಹೋದರು. 'ಚಿಗುರು' ಬರುವ ಹೊತ್ತಿಗೆ ಅವರೇ ಇರಲಿಲ್ಲ. ಸಮಯ ಸಿಗಲಿ ಆಮೇಲೆ ಬರೀತೀನಿ ಅಂದಿದ್ದರೆ ನಮ್ಮ ಕೈಗೆ ಒಂದು ಕಥೆಯೂ ಬರುತ್ತಿರಲಿಲ್ಲ.

ಮೂರನೇ ದಿನ ಮಡಿಕೇರಿ ಕೋಟೆಗೆ ಹೋದೆ. ಲಿಂಗರಾಜೇಂದ್ರ 1812ರಿಂದ 14ರ ನಡುವೆ ಕಟ್ಟಿಸಿದ ಅರಮನೆ ಅದು. ಅವನ ಮಗನೇ ನಮ್ಮ ಚಿಕವೀರ. ಅಂಗಳದಲ್ಲಿ ಗಾರೆಯ ಎರಡು ಆನೆಗಳು ನಿಂತಿವೆ. ಈ ಅರಮನೆಯಲ್ಲಿ ಬಹುಕಾಲ ನಡೆದದ್ದು ಸರ್ಕಾರಿ ಕಚೇರಿ. ದೊರೆ ಕೂತಿದ್ದ ಸೂರಿನಡಿ ಗುಮಾಸ್ತರು ಕೂತು ಸಾಲು ಸಾಲು ಕಡತ ಕಟ್ಟಿದರು. ಮಂಜು ಹುಡುಕಿಕೊಂಡು ಬಂದವನಿಗೆ ಕೊಡಗು ಕೊನೆಗೆ ತೋರಿಸಿದ್ದು ಒಂದು ಆಫೀಸನ್ನು!

ಸಂಜೆ ನಾನಿದ್ದ ಮನೆಯ ಯಜಮಾನರ ಜೊತೆ ಜಗಲಿಯಲ್ಲಿ ಕೂತಿದ್ದೆ. ಕಾಫಿ ಕುಯ್ಲಿನ ಸಮಯ. ಕಣದಲ್ಲಿ ಹಣ್ಣು ಹರಡಿತ್ತು, ಆಕಾಶದಲ್ಲಿ ಬರಬಾರದ ಮೋಡ. "ಇಲ್ಲೇ ಕೂತು ಬರೀತಾ ಇದ್ದುಬಿಡಬೇಕು ಅನ್ಸುತ್ತೆ ಸರ್," ಅಂದೆ. ಅವರು ಮೋಡದಿಂದ ಕಣ್ಣು ತೆಗೆಯದೇ, "ಈ ಜಗಲಿಯಲ್ಲಿ ನಾನು ಕೂತು ಎಷ್ಟು ದಿನ ಆಯ್ತು ಗೊತ್ತಾ?" ಅಂದರು. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ಟಾರ್ಪಾಲು ಎಳೆಯೋಕೆ ಅವರು ಓಡಿದರು, ಹಿಂದೆ ನಾನೂ.

ಕೆಲಸ ಬಿಡಬೇಡಿ ಅಂತ ಈ ಪುಸ್ತಕ ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ. ಬಿಡಬೇಕಾದಾಗ ಬಿಡಲೇಬೇಕು. ಮಾಸ್ತಿಯೂ ಬಿಟ್ಟರು, ಬೋಪಣ್ಣನೂ ಬಿಟ್ಟ. ಆದರೆ ಇಬ್ಬರೂ ಬಿಟ್ಟಿದ್ದು ಕೆಲಸದ ಒಳಗೇ ಹುಟ್ಟಿದ ಒಂದು ಕಾರಣಕ್ಕೆ. ನನ್ನ ಪತ್ರದಲ್ಲಿ ಇದ್ದ ಕಾರಣ ಬರವಣಿಗೆ. ಅದು ಸುಳ್ಳು. ನನಗೆ ಕೆಲಸ ಸಾಕಾಗಿದೆ, ಅಷ್ಟೇ ನಿಜ. ಅದಕ್ಕೆ ಬರವಣಿಗೆಯ ಶಾಲು ಹೊದಿಸಿದ್ದೆ. ಈ ಹತ್ತು ವರ್ಷದಲ್ಲಿ ನನ್ನ ಕಣ್ಣೆದುರೇ ನಡೆದ ಎಷ್ಟೋ ಸಣ್ಣ ದರ್ಬಾರುಗಳ ಬಗ್ಗೆ ಒಂದು ಪುಟವನ್ನೂ ಬರೆಯದೇ, ಇದನ್ನೆಲ್ಲ ಬಿಟ್ಟ ಮೇಲೆ ಬರೀತೀನಿ ಅಂತಿದ್ದೆ. ಏನನ್ನು ಬರೀತಿದ್ದೆನೋ!

ಬೆಂಗಳೂರಿಗೆ ವಾಪಸ್ ಬಂದು ಡ್ರಾಫ್ಟ್ ತೆಗೆದೆ. ಎರಡನೇ ಸಾಲು ಅಳಿಸಿದೆ. ಪತ್ರ ಈಗ ಮೂರೇ ಸಾಲಿನದು, ಇನ್ನೂ ಅಲ್ಲೇ ಇದೆ. ಯಾವತ್ತಾದರೂ ಕಳಿಸಬಹುದು. ಸೋಮವಾರ ರಾತ್ರಿ ಊಟ ಆದ ಮೇಲೆ ಹೊಸದೊಂದು ಫೈಲು ತೆರೆದು, ಅಪ್ರೈಸಲ್ ಮೀಟಿಂಗಿನಲ್ಲಿ ಎಲ್ಲರಿಗಿಂತ ಮೊದಲು ನಗುವ ಒಬ್ಬ ಸಹೋದ್ಯೋಗಿಯ ಬಗ್ಗೆ ಒಂದೂವರೆ ಪುಟ ಬರೆದೆ. ಅವನು ಯಾಕೆ ನಗುತ್ತಾನೆ ಅಂತ ನನಗಿನ್ನೂ ಸರಿಯಾಗಿ ಗೊತ್ತಿಲ್ಲ. ನಾಳೆ ಆಫೀಸಿಗೆ ಹೋದಾಗ ನೋಡಬೇಕು.