ಆನೆಯ ನೆತ್ತಿಯ ಮೇಲೊಂದು ತೂತು

ಟಿಪ್ಪುವಿನ ತಾಮ್ರದ ಪೈಸೆಯನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು. ಸುಮಾರು 11 ಗ್ರಾಂ ತೂಗುವ ದಪ್ಪನೆಯ, ಗಟ್ಟಿಮುಟ್ಟಾದ ಬಿಲ್ಲೆ. ಒಂದು ಮಗ್ಗುಲಲ್ಲಿ ಆನೆ. ಅದೂ ಎಂಥ ಆನೆ! ಸೊಂಡಿಲು ಇಳಿಬಿಟ್ಟು, ಯಾರ ಹಂಗೂ ಇಲ್ಲದೆ ತನ್ನ ಪಾಡಿಗೆ ನಡೆದು ಹೊರಟ ಆನೆ. ಇನ್ನೊಂದು ಮಗ್ಗುಲಲ್ಲಿ ಪರ್ಷಿಯನ್ ಅಕ್ಷರಗಳಲ್ಲಿ ಟಂಕಸಾಲೆಯ ಹೆಸರು: ‘ಪಟನ್’, ಅಂದರೆ ನಮ್ಮ ಶ್ರೀರಂಗಪಟ್ಟಣ. ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಆಕಾಶದಿಂದ ಹೆಸರು ತಂದವನು. ಎರಡು ಪೈಸೆಗೆ ಮುಷ್ತರಿ, ಎಂದರೆ ಗುರು. ಪೈಸೆಗೆ ಜೊಹ್ರಾ, ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಮಂಗಳ. ಕಾಲು ಪೈಸೆಗೆ ಅಖ್ತರ್, ನಕ್ಷತ್ರ. ಸಂತೆಯಲ್ಲಿ ಸೊಪ್ಪು ಕೊಳ್ಳುವ ದುಡ್ಡಿಗೆ ಶುಕ್ರಗ್ರಹದ ಹೆಸರಿಡುವ ರಸಿಕತೆ ಎಷ್ಟು ದೊರೆಗಳಿಗಿತ್ತು?

ಅಂಥ ಒಂದು ಪೈಸೆ ಜಾಲಹಳ್ಳಿಯ ಹಿರಿಯ ಮಿತ್ರರೊಬ್ಬರ ಮನೆಯಲ್ಲಿ ನನ್ನ ಕೈಗೆ ಬಂತು. ಮಾರಲೆಂದು ಯಾರೋ ಅಲ್ಲಿ ಬಿಟ್ಟುಹೋಗಿದ್ದರು. ಮಿತ್ರರು ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಆ ಕಾರ್ಖಾನೆಯ ಶಿಸ್ತು ಅವರ ಕಣ್ಣಿನಲ್ಲಿ ಇನ್ನೂ ಹಾಗೇ ಉಳಿದಿದೆ. ಡಯಲ್ ಮೇಲೆ ಕೂದಲೆಳೆಯ ಗೀರಿದ್ದರೂ ಪಕ್ಕಕ್ಕೆ ಎತ್ತಿಡುವ ಜನ. ಐಗ್ಲಾಸ್ ಕಣ್ಣಿಗೆ ಸಿಕ್ಕಿಸಿಕೊಂಡು ಪೈಸೆಯನ್ನು ನೋಡಿದರು, ಮೇಜಿನ ಮೇಲಿಟ್ಟರು. “ರಿಜೆಕ್ಟ್ ಮಾಲು ಸ್ವಾಮಿ ಇದು. ತೂತು ಬಿದ್ದಿದೆ.”

ತೂತು ಬಿದ್ದಿತ್ತು, ನಿಜ. ಆದರೆ ನಾನು ಐಗ್ಲಾಸ್ ಇಸಿದುಕೊಂಡದ್ದೇ ಆ ತೂತನ್ನು ನೋಡಲಿಕ್ಕೆ.

ಅದು ಡ್ರಿಲ್ ಕೊರೆದ ತೂತಲ್ಲ. ಹೊಸದಾಗಿ ಕೊರೆದದ್ದಾದರೆ ಎರಡೂ ಕಡೆ ಒಂದೇ ಅಳತೆ ಇರುತ್ತದೆ, ಒಳಗೋಡೆಯಲ್ಲಿ ಹಸಿ ತಾಮ್ರ ಕೆಂಪಗೆ ಮಿನುಗುತ್ತದೆ. ಇಲ್ಲಿ ಆನೆಯ ಕಡೆಯಿಂದ ಮೊಳೆಯಿಟ್ಟು ಹೊಡೆದಿದ್ದರು. ಆ ಪೆಟ್ಟಿಗೆ ಹಿಂಬದಿಯ ತಾಮ್ರ ಹೂವಿನ ದಳದಂತೆ ಉಬ್ಬಿತ್ತು. ಒಳಗೋಡೆ ನಾಣ್ಯದ ಮೈಯಷ್ಟೇ ಕಪ್ಪು ಮಿಶ್ರಿತ ಕಂದು. ಉಬ್ಬಿದ ಅಂಚು ಚುಚ್ಚುತ್ತಿರಲಿಲ್ಲ. ಬೆರಳಾಡಿಸಿದರೆ ನುಣ್ಣಗೆ, ಬೆಣ್ಣೆಯಷ್ಟು ನುಣ್ಣಗೆ ಸವೆದಿತ್ತು. ತೂತಿನ ಮೇಲಂಚು ಮಾತ್ರ ತುಸು ಉದ್ದಕ್ಕೆ ಎಳೆದಂತಿತ್ತು. ಅದು ದಾರದ ಕೆಲಸ. ಬಹುಕಾಲ, ಬಹುಶಃ ಒಂದು ಇಡೀ ಬಾಲ್ಯ, ಈ ಪೈಸೆ ಯಾವುದೋ ಮಗುವಿನ ಕೊರಳಲ್ಲೋ ಉಡಿದಾರದಲ್ಲೋ ತೂಗಿದೆ. ತೂತು ಇರುವುದು ಆನೆಯ ನೆತ್ತಿಯ ಮೇಲೆ, ಎಡಕ್ಕೆ. ದಾರಕ್ಕೆ ಕಟ್ಟಿ ಎತ್ತಿದರೆ ಎಡಕ್ಕೆ ಮುಖ ಮಾಡಿದ ಆ ಆನೆ ತಲೆಯೆತ್ತಿ, ನಿಧಾನವಾಗಿ, ದಿಬ್ಬ ಹತ್ತತೊಡಗುತ್ತದೆ.

ತೂತು ನುಂಗಿದ್ದೇನು? ಇಸವಿಯ ಕೊನೆಯ ಅಂಕಿ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಒಂದು, ಎರಡು, ಇನ್ನೊಂದು ಎರಡು ಸ್ಪಷ್ಟವಾಗಿವೆ. ನಾಲ್ಕನೆಯದರ ಜಾಗದಲ್ಲಿ ಬೆಳಕು ತೂರುತ್ತದೆ. ಆದರೂ 1220ರಿಂದ ಈಚಿನದೆಂಬುದು ಖಚಿತ. ಅಂದರೆ 1792ರ ಆಸುಪಾಸಿನಿಂದ, ಟಿಪ್ಪು ಮಡಿದ 1799ರ ಮೇ 4ರವರೆಗಿನದು. ಅರ್ಧ ರಾಜ್ಯ ಕೈಬಿಟ್ಟುಹೋದ ಮೇಲೂ ಆನೆಯ ಗತ್ತು ಕುಂದದ ವರ್ಷಗಳವು.

ಗಾಯಗೊಂಡ ನಾಣ್ಯಕ್ಕೆ ನಮ್ಮ ಸೀಮೆಯಲ್ಲಿ ಅಗೌರವವೇನೂ ಇಲ್ಲ. ಪುದುಕೋಟ್ಟೈ ಸಂಸ್ಥಾನದಲ್ಲಿ 1898ರಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವಕ್ಕೆ ಚಕ್ರವರ್ತಿಯ ಮುಖದ ಮೇಲೇ ಉಳಿಯ ಗೀರು ಬಿದ್ದಿದೆ. ಒಳಗೂ ಚಿನ್ನವೇ ಎಂದು ಪರೀಕ್ಷಿಸಲೋ, ಈ ಮುಖಕ್ಕೆ ಇಲ್ಲಿ ಚಲಾವಣೆಯಿಲ್ಲ ಎಂದು ಸಾರಲೋ ಯಾರೋ ಒಬ್ಬ ಕೈಯೆತ್ತಿ ಹೊಡೆದ ಪೆಟ್ಟು ಅದು. ಆ ಗೀರಿನಿಂದಲೇ ಅವು ರೋಮಿನವಾಗಿಯೂ ನಮ್ಮವಾದವು. ಜಾಲಹಳ್ಳಿಯ ಮಗ್ಗುಲಲ್ಲೇ ಇರುವ ಯಶವಂತಪುರದಲ್ಲೂ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಇಷ್ಟು ದೂರ ಬಂದ ನಾಣ್ಯ ಮೈಯಲ್ಲಿ ಒಂದು ಕಲೆಯೂ ಇಲ್ಲದೆ ಇರಬೇಕು ಎಂದು ಬಯಸುವುದೇ ವಿಚಿತ್ರ.

ಹಾಗೆಂದು ಎಲ್ಲ ಗಾಯವೂ ಚೆಂದವಲ್ಲ. ಅದೇ ಮೇಜಿನ ಮೇಲೆ ಇನ್ನೊಂದು ಪೈಸೆಯಿತ್ತು. ತೂತಿಲ್ಲ, ಅಂಚು ದುಂಡಗಿದೆ, ನಾಲ್ಕೂ ಅಂಕಿ ಇವೆ. ಆದರೆ ಯಾರೋ ಹುಣಸೆಹಣ್ಣು ಹಚ್ಚಿ ಪೂಜೆಯ ಚೊಂಬು ಉಜ್ಜುವ ಹಾಗೆ ಉಜ್ಜಿದ್ದರು. ಎರಡು ಶತಮಾನದ ಗಾಳಿ, ಬೆವರು, ಮಣ್ಣು ಸೇರಿ ಕಟ್ಟಿದ ಆ ರೇಷ್ಮೆಯಂಥ ಕಂದುಬಣ್ಣ ಹೋಗಿ, ಆನೆ ನಾಚಿಕೆಗೆಟ್ಟ ಗುಲಾಬಿ ಬಣ್ಣದಲ್ಲಿ ನಿಂತಿತ್ತು. ಅದರ ಬೆಲೆ ತೂತಿನ ಪೈಸೆಗಿಂತ ಹೆಚ್ಚು. ನನ್ನ ಮಿತ್ರರ ಮತವೂ ಅದಕ್ಕೇ.

ನಾನು ತೂಗಿ ನೋಡಿದ್ದು ಇಷ್ಟೇ: ಗಾಯ ನಾಣ್ಯದ ಬದುಕಿನಿಂದ ಬಂದದ್ದೋ, ಮಾರುವವನ ಆಸೆಯಿಂದ ಬಂದದ್ದೋ? ತೂತು ಬದುಕಿನದು, ಹೊಳಪು ಅಂಗಡಿಯದು. ಬೆಸುಗೆ ಹಾಕಿ ತೂತು ಮುಚ್ಚಿ, ಮೇಲೆ ಅಂಕಿ ಕೆತ್ತಿದ್ದರೆ ಇದನ್ನೂ ಬೇಡವೆನ್ನುತ್ತಿದ್ದೆ. ಹಸಿರು ಪುಡಿ ಉದುರುತ್ತಿದ್ದರೂ ಬೇಡ. ಅದು ಲೋಹವನ್ನೇ ತಿನ್ನುವ ರೋಗ, ಪಕ್ಕದ ನಾಣ್ಯಗಳನ್ನೂ ಅದರಿಂದ ದೂರ ಇಡಬೇಕು. ಈ ಪೈಸೆಗೆ ಅಂಥದ್ದೊಂದೂ ಇರಲಿಲ್ಲ. ತೂತಿನದನ್ನೇ ಕೊಂಡೆ.

ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೋ ಅಜ್ಜಿಯ ಎಲೆಅಡಿಕೆ ಚೀಲದಲ್ಲೋ ಇಂಥ ಒಂದು ಪೈಸೆ ಇದ್ದೀತು. ಸಿಕ್ಕರೆ ಅಂಚು ಹಿಡಿದು ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿದು ಪುರಸೊತ್ತಾಗಿ ನೋಡಿ. ತೂತಿದ್ದರೆ ಬೇಸರ ಬೇಡ. ಹುಣಸೆಹಣ್ಣನ್ನು ಮಾತ್ರ ಸಾರಿಗೇ ಇಟ್ಟುಕೊಳ್ಳಿ.