ಮೊಂಡು ತಲವಾರು

ಪುಸ್ತಕ ಬಂದರೆ ವಿಮರ್ಶೆ ಬರೆಯುವವರಿದ್ದಾರೆ. ನಾಟಕ ಆಡಿದರೆ ಎರಡು ದಿನದಲ್ಲಿ ಪತ್ರಿಕೆಯಲ್ಲಿ ಅದರ ಗುಣದೋಷ ಬರುತ್ತದೆ. ಅಡುಗೆಗಂತೂ ಮನೆತುಂಬ ವಿಮರ್ಶಕರು. ಆದರೆ ಸತ್ಕಾರ ಸಮಾರಂಭಗಳಲ್ಲಿ ಕೊಡುವ ಕಾಣಿಕೆಗಳ ಬಗ್ಗೆ ಯಾರೂ ವಿಮರ್ಶೆ ಬರೆದದ್ದನ್ನು ನಾನು ಓದಿಲ್ಲ. ದಾನ ಬಂದ ಎತ್ತಿನ ಹಲ್ಲು ಎಣಿಸಬಾರದು ಎಂಬ ಸಂಕೋಚ ಇರಬೇಕು. ಇವತ್ತು ನಾನು ಎಣಿಸುವವಳಿದ್ದೇನೆ. ಯಾಕೆ ಎಣಿಸುತ್ತಿದ್ದೇನೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹಾರ, ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ, ಗಾಜಿನ ಪೆಟ್ಟಿಗೆಯಲ್ಲಿ ಸರಸ್ವತಿ, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಈಚೆಗೆ ಇವುಗಳ ಮೇಲೆ ಒಂದು ಹೊಸ ಸವಾರಿ ಬಂದಿದೆ: ಖಡ್ಗ. ಮಂತ್ರಿ ಬಂದರೆ ಬೆಳ್ಳಿ ಖಡ್ಗ, ಪೇಟ. ಪೇಟ ಸುತ್ತಿದ ಕೂಡಲೇ ಅವರು ಖಡ್ಗ ಎತ್ತಿ ಹಿಡಿಯುತ್ತಾರೆ, ಫೋಟೋ ಆಗುತ್ತದೆ. ಮಂತ್ರಿಗಳಿಗೆ ಇದ್ದದ್ದು ಕ್ರಮೇಣ ತಾಲೂಕಿಗೆ ಇಳಿಯಿತು, ತಾಲೂಕಿನಿಂದ ಹಳ್ಳಿಗೆ. ಹುಬ್ಬಳ್ಳಿ-ಧಾರವಾಡದ ಮೊಮೆಂಟೊ ಅಂಗಡಿಗಳಲ್ಲಿ ಈಗ ಗಣಪತಿಯ ಪಕ್ಕದಲ್ಲೇ ಸಾಲಾಗಿ ಖಡ್ಗಗಳು. ಮೊಬೈಲಿನಲ್ಲಿ ಬೆರಳಾಡಿಸಿದರೆ ಸಮುರಾಯಿ, ರೋಮನ್, ಶಿವಾಜಿ, ಟಿಪ್ಪು, ಎಲ್ಲರ ಕತ್ತಿಯೂ ಬಾಗಿಲಿಗೆ ಬರುತ್ತವೆ.

ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ನಾನು ಬಹಳ ವರ್ಷ ಕನ್ನಡ ಕಲಿಸಿದವಳು. ನಿವೃತ್ತಿಯ ದಿನ ನನ್ನ ಕೈಗೂ ಒಂದು ಬಂತು. ಮೂರು ಅಡಿ ಉದ್ದ, ಕೆಂಪು ಮಖಮಲ್ಲಿನ ಒರೆ, ಬಂಗಾರದ ಬಣ್ಣದ ಹಿಡಿಕೆ, ಕಟ್ಟಿಗೆಯ ಹಲಗೆಯ ಮೇಲೆ 'ವೀರರಾಣಿ ಕಿತ್ತೂರು ಚನ್ನಮ್ಮನ ಖಡ್ಗ' ಎಂಬ ಹಿತ್ತಾಳೆ ಬಣ್ಣದ ಅಕ್ಷರ. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರು ಇರುವುದು ಖಡ್ಗದ ಮೇಲೆ.

ಮೊದಲು ಅದರ ಕಸುಬುಗಾರಿಕೆ ನೋಡೋಣ. ಒಂದು ಮಳೆಗಾಲ ಕಳೆಯುವುದರೊಳಗೆ ಹಿಡಿಕೆಯ ಬಂಗಾರ ಕಪ್ಪಿಟ್ಟಿತು. ಹುಣಸೆಹಣ್ಣಿನಿಂದ ತಿಕ್ಕಿದೆ, ಇನ್ನಷ್ಟು ಕಪ್ಪಾಯಿತು, ಯಾಕೆಂದರೆ ಅದು ಹಿತ್ತಾಳೆಯೇ ಅಲ್ಲ, ಸತುವಿನ ಅಚ್ಚಿನ ಮೇಲೆ ಬಳಿದ ಬಣ್ಣ. ಎರಡನೆಯ ವರ್ಷ ಹಿಡಿಕೆ ಗಲಗಲ ಅನ್ನತೊಡಗಿತು. ನಮ್ಮೂರ ಕಂಬಾರನ ಹತ್ತಿರ ಒಯ್ದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಇಕ್ಕಳದಿಂದ ತುದಿಯ ತಿರುಪು ಬಿಚ್ಚಿ ಒಳಗೆ ನೋಡಿ ನಕ್ಕುಬಿಟ್ಟ.

"ಅಕ್ಕೋರ, ಇದು ಗ್ವಾಡಿಗೆ ನೇತ ಹಾಕೂದ್ರಿ. ಇದನ್ನ ಹಿಡದು ಬೀಸಿದ್ರ ಅಲಗು ಒಂದ ಕಡೆ, ಹಿಡಿಕಿ ಒಂದ ಕಡೆ. ಎದುರಿಗಿದ್ದಾವಂಗಲ್ಲ, ಬೀಸಿದಾವಂಗ ಪೆಟ್ಟಾಗತೈತಿ."

ಅವನು ತೋರಿಸಿದ್ದು ಇಷ್ಟು. ಕುಡಗೋಲಿರಲಿ, ಕತ್ತಿಯಿರಲಿ, ಅಲಗಿನ ಬುಡ ಹಿಡಿಕೆಯೊಳಗೆ ಅಗಲವಾಗಿ, ಗಟ್ಟಿಯಾಗಿ ಇಳಿದಿರಬೇಕು. ನನ್ನ ಖಡ್ಗದಲ್ಲಿ ಅಲಗು ಹಿಡಿಕೆಯ ಬಾಯಿಗೇ ಮುಗಿದಿತ್ತು. ಅಲ್ಲಿಂದ ಒಳಗೆ ಪೆನ್ಸಿಲ್ಲಿನಷ್ಟು ತೆಳುವಾದ ಸರಳನ್ನು ಬೆಸುಗೆ ಹಾಕಿದ್ದರು. ಅಲಗು ಸ್ಟೇನ್‌ಲೆಸ್ ಸ್ಟೀಲಿನದು. ಕ್ರೋಮಿಯಂ ಬೆರೆತದ್ದರಿಂದ ಡಬ್ಬಿಗೆ, ತಾಟಿಗೆ ಅದು ಛಲೋ, ಅಡಿಗೆಮನೆಯ ಚಾಕುವಿಗೂ ಛಲೋ. ಮೂರಡಿ ಕತ್ತಿಗೆ ಆಗದು. ಏಟು ಬಿದ್ದರೆ ಅದು ಬಾಗಿ ಮರಳುವುದಿಲ್ಲ, ಮುರಿಯುತ್ತದೆ. ಹಳೆಯ ತಲವಾರುಗಳಲ್ಲಿ ಅಲಗಿನ ಬುಡವನ್ನು ಹಿಡಿಕೆಯೊಳಗಿಟ್ಟು ಅರಗಿನಂಥ ಅಂಟನ್ನು ಕಾಸಿ ತುಂಬುತ್ತಿದ್ದರು. ತೂಕವೂ ಜನ ತಿಳಿದಷ್ಟು ಇರಲಿಲ್ಲ, ಒಂದು ಕಿಲೋದ ಆಸುಪಾಸು. ಸಿನಿಮಾದಲ್ಲಿ ಎರಡೂ ಕೈಯಲ್ಲಿ ಹೆಣಗಾಡಿ ಎತ್ತುವುದನ್ನು ನೋಡಿ ನಾವು ಹತ್ತು ಕಿಲೋ ಅಂದುಕೊಳ್ಳುತ್ತೇವೆ.

ಪ್ರತಿಕೃತಿ ಅಂದಮಾತ್ರಕ್ಕೆ ಎಲ್ಲವೂ ಹೀಗೆ ಅಂತ ಅಲ್ಲ. ಡೆಹ್ರಾಡೂನಿನಲ್ಲಿ 1943ರಲ್ಲಿ ಶುರುವಾದ ವಿಂಡ್‌ಲಾಸ್ ಕಾರ್ಖಾನೆಯವರು ಮೊದಲು ಸೈನಿಕರಿಗೆ ಖುಕ್ರಿ ಮಾಡುತ್ತಿದ್ದವರು, ಆಮೇಲೆ ಹೊರದೇಶದ ಸಂಗ್ರಾಹಕರಿಗೆ ಹಳೆಯ ಖಡ್ಗಗಳ ಮಾದರಿ ಮಾಡಿ ಹೆಸರಾದರು. ಸ್ಪೇನಿನ ಟೊಲೆಡೊ ಪಟ್ಟಣ ಖಡ್ಗಗಳಿಗೆ ಶತಮಾನಗಳಿಂದ ಪ್ರಸಿದ್ಧ. ಈಗ ಅಲ್ಲಿ ಪ್ರವಾಸಿಗರಿಗೆ ಮಾದರಿ ಖಡ್ಗಗಳನ್ನು ಮಾರುತ್ತಾರೆ. ಒಳ್ಳೆಯ ಮಾದರಿ ಮಾಡುವವನು ಮೂಲವನ್ನು ಅಳೆಯುತ್ತಾನೆ, ತೂಗುತ್ತಾನೆ, ಯಾವ ಕಾಲದ್ದು, ಯಾವ ವಸ್ತುಸಂಗ್ರಹಾಲಯದ್ದು ಅಂತ ಹೇಳುತ್ತಾನೆ. ನನ್ನ ಪ್ರಕಾರ ನಕಲಿಗೂ ಒಂದು ಪ್ರಾಮಾಣಿಕತೆ ಇದೆ. ಏಕಲವ್ಯನ ದ್ರೋಣನೂ ಮಣ್ಣಿನವನೇ ಆಗಿದ್ದನಲ್ಲ.

ನನ್ನ ಖಡ್ಗಕ್ಕೆ ಆ ಪ್ರಾಮಾಣಿಕತೆ ಇರಲಿಲ್ಲ ಎನ್ನುವುದು ಗೊತ್ತಾದದ್ದು ಅಂಗಡಿಯಲ್ಲೇ. ಯಾರದೋ ಮದುವೆಗೆ ಉಡುಗೊರೆ ಕೊಳ್ಳಲು ಹೋದಾಗ ಅದೇ ಹಿಡಿಕೆ, ಅದೇ ಮಖಮಲ್ಲು, ಅದೇ ಉದ್ದದ ನಾಲ್ಕು ಖಡ್ಗ ಒಂದೇ ಸಾಲಿನಲ್ಲಿ ಕಂಡೆ. ಒಂದರ ಹಲಗೆಯ ಮೇಲೆ ಶಿವಾಜಿ, ಒಂದರ ಮೇಲೆ ಟಿಪ್ಪು, ಒಂದರ ಮೇಲೆ ಸಂಗೊಳ್ಳಿ ರಾಯಣ್ಣ, ಕಡೆಯದು ನಮ್ಮ ಚನ್ನಮ್ಮ. ಹೆಸರಿನ ಪಟ್ಟಿ ಮಾತ್ರ ಬೇರೆ. ಅಂಗಡಿಯ ಹುಡುಗ, "ನಿಮಗ ಯಾರ ಹೆಸರ ಬೇಕ್ರಿ ಅಮ್ಮಾರ? ಹತ್ತ ಮಿನಿಟಿನ್ಯಾಗ ಹಚ್ಚಿ ಕೊಡ್ತೀನಿ" ಅಂದ.

ಮನೆಗೆ ಬಂದು ಹಿಡಿಕೆಯನ್ನು ಸರಿಯಾಗಿ ನೋಡಿದೆ. ತುದಿಯಲ್ಲಿ ಸಿಂಹದ ತಲೆ, ಅದರ ಬಾಯಿಯಿಂದ ಬೆರಳುಗಳ ಮೇಲೆ ಬಾಗಿ ಬಂದ ಕಮಾನು. ನಮ್ಮ ಕಡೆಯ ತಲವಾರಿನ ಹಿಡಿಕೆ ಹೀಗಿರುವುದಿಲ್ಲ. ಅದರ ತುದಿಯಲ್ಲಿ ಸಣ್ಣ ತಟ್ಟೆಯಂಥ ಬಿಲ್ಲೆ ಇರುತ್ತದೆ. ಮಗ ಮೊಬೈಲಿನಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಗಳ ಚಿತ್ರ ತೆಗೆದು ತೋರಿಸಿದ. ಸಿಂಹದ ತಲೆ, ಬಾಗಿದ ಕಮಾನು, ಎಲ್ಲ ಅಲ್ಲಿತ್ತು: 1827ರ ಮಾದರಿಯ ಇಂಗ್ಲಿಷ್ ನೌಕಾಪಡೆಯ ಅಧಿಕಾರಿಗಳ ಖಡ್ಗ! ಯಾರ ವಿರುದ್ಧ ಆ ತಾಯಿ ಹೋರಾಡಿದಳೋ ಅವರ ಕಡೆಯ ಕತ್ತಿಗೆ ಅವಳ ಹೆಸರು ಅಂಟಿಸಿ ನನಗೆ ಕೊಟ್ಟಿದ್ದರು. ನಾನು ಅದನ್ನು ಎತ್ತಿ ಹಿಡಿದು ಫೋಟೋಕ್ಕೆ ನಿಂತಿದ್ದೆ.

ಬೇಸರವಾಗುವುದಕ್ಕೆ ಇನ್ನೊಂದು ಕಾರಣವಿದೆ. ಕತ್ತಿಗೆ ಬೇಕಾದ ಒಳ್ಳೆಯ ಉಕ್ಕು ಜಗತ್ತಿಗೆ ಹೋದದ್ದೇ ನಮ್ಮ ದಕ್ಷಿಣದಿಂದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಕಟ್ಟಿಗೆಯ ಚೂರು, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕಾಸಿ ಮಾಡುತ್ತಿದ್ದ ಉಕ್ಕು ಅದು. ಪರ್ಶಿಯಾ, ಅರಬರ ನಾಡಿನವರೆಗೆ ಹೋಗಿ ಡಮಾಸ್ಕಸ್ ಕತ್ತಿಗಳೆಂದು ಕೀರ್ತಿ ಪಡೆಯಿತು. 1790ರ ದಶಕದಲ್ಲಿ ಮುಂಬಯಿಯಿಂದ ಅದರ ಗಟ್ಟಿಗಳನ್ನು ಲಂಡನ್ನಿಗೆ ಕಳಿಸಿದಾಗ ಅಲ್ಲಿಯ ವಿದ್ವಾಂಸರು ಅದಕ್ಕೆ 'ವೂಟ್ಜ್' ಅಂತ ಬರೆದುಕೊಂಡರು. ಅದು ನಮ್ಮ 'ಉಕ್ಕು' ಶಬ್ದವೇ ಅವರ ಬಾಯಲ್ಲಿ, ಲೇಖನಿಯಲ್ಲಿ ಕೆಟ್ಟು ಆದದ್ದು ಎಂದು ಬಹಳ ಜನ ತಿಳಿದವರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಈ ಉಕ್ಕು ಮಾಡುವುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಜಗತ್ತಿಗೆ ಉಕ್ಕಿನ ಹೆಸರು ಕೊಟ್ಟ ಭಾಷೆಯ ಮೇಷ್ಟರಿಗೆ ತಗಡು!

ಟಿಪ್ಪುವಿನ ಖಡ್ಗದ ಕಥೆ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. 1990ರಲ್ಲಿ ದೂರದರ್ಶನದಲ್ಲಿ ಆ ಧಾರಾವಾಹಿ ಬಂದಾಗ ನಮ್ಮ ಓಣಿಯ ಹುಡುಗರೆಲ್ಲ ಜೋಳದ ದಂಟು ಹಿಡಿದು ಯುದ್ಧ ಮಾಡುತ್ತಿದ್ದರು. ಅವನ ಮಲಗುವ ಕೋಣೆಯಲ್ಲಿ ಸಿಕ್ಕಿತೆಂದು ಹೇಳುವ ಖಡ್ಗವನ್ನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೈನ್ಯದವರು ತಮ್ಮ ಜನರಲ್ ಬೇರ್ಡ್‌ನಿಗೆ ಕಾಣಿಕೆಯಾಗಿ ಕೊಟ್ಟರು. 2023ರ ಮೇ ತಿಂಗಳಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಟಿಪ್ಪುವಿನದೇ ಇನ್ನೊಂದು ಖಡ್ಗವನ್ನು ಇದಕ್ಕೂ ಮೊದಲು ವಿಜಯ್ ಮಲ್ಯ ಹರಾಜಿನಲ್ಲಿ ಕೊಂಡಿದ್ದರು. ಅದು ಮನೆಗೆ ಒಳ್ಳೆಯದಲ್ಲ ಎಂದು ಮನೆಯವರು ಅಂದದ್ದಕ್ಕೆ ಕೊಟ್ಟುಬಿಟ್ಟರೆಂದು 2018ರಲ್ಲಿ ವರದಿಯಾಯಿತು. ನಮ್ಮ ಅತ್ತೆಯವರು ಬದುಕಿದ್ದರೆ, ಮೊದಲೇ ಕೇಳಿದ್ದರೆ ದುಡ್ಡು ಉಳಿಯುತ್ತಿತ್ತು ಅನ್ನುತ್ತಿದ್ದರು.

ಈಗ ಚನ್ನಮ್ಮನ ಮಾತು. ನಮ್ಮ ಕಣ್ಣಿನೊಳಗಿನ ಚನ್ನಮ್ಮ ಬಹುಮಟ್ಟಿಗೆ 1961ರ ಬಿ.ಆರ್. ಪಂತುಲು ಅವರ ಚಿತ್ರದ ಬಿ. ಸರೋಜಾದೇವಿ, ಉಳಿದದ್ದು ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯೇರಿ ಖಡ್ಗ ಎತ್ತಿದ ಪ್ರತಿಮೆ. 2007ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಸಂಸತ್ ಭವನದಲ್ಲಿ ಅವಳ ಪ್ರತಿಮೆ ನಿಂತಾಗ ನಾನೂ ಮಕ್ಕಳಿಗೆ ಪೆಪ್ಪರಮೆಂಟು ಹಂಚಿದವಳೇ. ಖಡ್ಗ ಹಿಡಿದಳು ಎಂಬುದು ನನಗೂ ಹೆಮ್ಮೆ. ಆದರೆ ಬರೀ ಖಡ್ಗವನ್ನೇ ಅವಳ ಗುರುತು ಮಾಡಿದರೆ ಅವಳ ಬುದ್ಧಿ ಎಲ್ಲಿ ಹೋಯಿತು?

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಬೊಕ್ಕಸಕ್ಕೆ ತನ್ನ ಮುದ್ರೆ ಹಾಕಿಸಿದ. ಆಗ ಅವಳು ಮೊದಲು ಎತ್ತಿದ್ದು ಲೇಖನಿ. ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ನಿಗೆ ಪತ್ರ ಬರೆಸಿದಳು, ವಾದ ಮಂಡಿಸಿದಳು. ಅದು ಫಲಿಸದೆ ಅಕ್ಟೋಬರ್ 23ಕ್ಕೆ ಯುದ್ಧವಾಯಿತು, ಥ್ಯಾಕರೆ ಬಿದ್ದ. ಅವನು ಬಿದ್ದದ್ದು ಅಮಟೂರು ಬಾಳಪ್ಪನ ಬಂದೂಕಿನ ಗುಂಡಿಗೆ! ನಾನು ತರಗತಿಯಲ್ಲಿ ಕೇಳಿದಾಗಲೆಲ್ಲ ನಲವತ್ತು ಮಕ್ಕಳಲ್ಲಿ ಮೂವತ್ತು ಮಕ್ಕಳು ಚನ್ನಮ್ಮ ತಲವಾರಿನಿಂದ ಕಡಿದಳು ಅಂತಲೇ ಹೇಳುತ್ತಿದ್ದರು.

ಆ ದಿನ ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಅವರನ್ನು ಕೊಲ್ಲಲಿಲ್ಲ, ಚೆನ್ನಾಗಿ ನಡೆಸಿಕೊಂಡರು. ಸಂಧಾನದ ಮಾತು ನಂಬಿ ಬಿಡುಗಡೆಯನ್ನೂ ಮಾಡಿದರು. ಬಿಡುಗಡೆಯಾದ ಮೇಲೂ ಕಂಪನಿ ಸೈನ್ಯ ಹಿಂದೆ ಸರಿಯಲಿಲ್ಲ, ಡಿಸೆಂಬರ್ ಮೊದಲ ವಾರ ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಜೀವ ಉಳಿದ ಆ ವಾಲ್ಟರ್ ಎಲಿಯಟ್ ಮುಂದೆ ಏನು ಮಾಡಿದ ಗೊತ್ತೇ? ನಮ್ಮ ನಾಡಿನ ಊರೂರು ತಿರುಗಿ ನೂರಾರು ಶಾಸನಗಳ ಪ್ರತಿ ಮಾಡಿಸಿದ, ಚಾಲುಕ್ಯರ ಚರಿತ್ರೆ ಬರೆಯುವುದಕ್ಕೆ ಆಧಾರ ಕೂಡಿಸಿದ. ಕಿತ್ತೂರಿನಲ್ಲಿ ಅಂದು ಅವನ ತಲೆ ಹೋಗಿದ್ದರೆ ಆ ಕೆಲಸ ಆ ಕಾಲಕ್ಕೆ ಆಗುತ್ತಿತ್ತೇ? ಸೆರೆಯಾಳನ್ನು ಉಳಿಸಿದ ಆ ಒಂದು ನಿರ್ಧಾರಕ್ಕೆ ಯಾವ ಮೊಮೆಂಟೊ ಅಂಗಡಿಯಲ್ಲೂ ಅಚ್ಚು ಇಲ್ಲ.

ಒನಕೆ ಓಬವ್ವನ ಜಯಂತಿಯನ್ನು ಸರ್ಕಾರ 2021ರಿಂದ ನವೆಂಬರ್ 11ಕ್ಕೆ ಆಚರಿಸುತ್ತಿದೆ. ಚಿತ್ರದುರ್ಗದ ಆ ಹೆಣ್ಣುಮಗಳ ಆಯುಧ ಅಡಿಗೆಮನೆಯದು. ಬೆಳ್ಳಿಯ ಒನಕೆ ಮಾಡಿಸಿ ಮಂತ್ರಿಗಳ ಕೈಗೆ ಕೊಟ್ಟದ್ದನ್ನು ಯಾರಾದರೂ ನೋಡಿದ್ದೀರಾ? ಪೇಟ ಸುತ್ತಿಕೊಂಡು ಒನಕೆ ಎತ್ತಿದರೆ ಫೋಟೋ ಅಷ್ಟು ಚೆಂದ ಬರಲಿಕ್ಕಿಲ್ಲ.

ಒಂಬತ್ತು ಇಂಚಿಗಿಂತ ಉದ್ದದ ಅಲಗಿನ ಖಡ್ಗ 1959ರ ಆಯುಧ ಕಾಯಿದೆಯ ಲೆಕ್ಕಕ್ಕೆ ಬರುತ್ತದೆ, ಸರ್ಕಾರ ಸೂಚಿಸಿದ ಕಡೆ ಪರವಾನಗಿ ಬೇಕು. ಮನೆಬಳಕೆಗೆ, ಒಕ್ಕಲುತನಕ್ಕೆ ಮಾಡಿದ್ದಕ್ಕೆ ವಿನಾಯಿತಿ. ಅಂದರೆ ಎಳನೀರನ್ನೂ ಸೀಳಲಾರದ ಖಡ್ಗದ ಆಕಾರಕ್ಕೆ ಜನ ಹೆದರುತ್ತಾರೆ, ನನ್ನ ಬೆರಳನ್ನು ಎರಡು ಸಲ ಕೊಯ್ದ ಈಳಿಗಿಯ ಗೊಡವೆ ಯಾರಿಗೂ ಇಲ್ಲ. ನಮ್ಮಲ್ಲಿ ಖಂಡೇನವಮಿಗೆ ಆಯುಧ ಪೂಜೆ. 'ಖಂಡೆ' ಅಂದರೆ ಖಡ್ಗವೇ. ಜಗಲಿಯ ಮೇಲೆ ಕುಡಗೋಲು, ಕೊಡಲಿ, ಈಳಿಗಿ, ಮಗನ ಗಾಡಿಯ ಕೀಲಿಕೈ, ಎಲ್ಲಕ್ಕೂ ವಿಭೂತಿ, ಕುಂಕುಮ ಬೀಳುತ್ತದೆ. ಷೋಕೇಸಿನ ಖಡ್ಗವನ್ನು ಮೊದಲ ವರ್ಷ ಮೊಮ್ಮಗ ತಂದಿಟ್ಟಾಗ ಸೊಸೆ, "ಅದು ಏನ್ ಕೆಲಸಾ ಮಾಡೇತಿ ಅಂತ ಪೂಜಿ?" ಅಂದು ತೆಗೆದಿಟ್ಟಳು. ಪುರವಂತರು ವೀರಭದ್ರನ ಒಡಪು ಹೇಳುತ್ತ ಝಳಪಿಸುವ ಖಡ್ಗಕ್ಕಾದರೂ ಒಂದು ಕೆಲಸವಿದೆ, ಅದರ ಹಿಂದೆ ಒಂದು ವ್ರತವಿದೆ.

ಹಾಗಾದರೆ ಏನು ಕೊಡಬೇಕು ಅಂತ ನೀವು ಕೇಳಬಹುದು. ಕಲಘಟಗಿಯ ತೊಟ್ಟಿಲು ನಮ್ಮ ಕಣ್ಣೆದುರಿಗೇ ಇದೆ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ರಾಮಾಯಣದ, ಕೃಷ್ಣಲೀಲೆಯ ಚಿತ್ರ, ಮೊಮ್ಮಕ್ಕಳ ಕಾಲಕ್ಕೂ ಬಣ್ಣ ಕೆಡದು. ನಟ ಅಂಬರೀಶ್ 2018ರಲ್ಲಿ ತೀರಿಕೊಳ್ಳುವ ಮೊದಲು ಯಶ್ ಅವರ ಮಗುವಿಗೆಂದು ಇಲ್ಲಿಂದಲೇ ತೊಟ್ಟಿಲು ಹೇಳಿಸಿದ್ದರು. ಕೊಟ್ಟವರು ಹೋದ ಮೇಲೆ ಕಾಣಿಕೆ ಮನೆಗೆ ಬಂತು. ತೊಟ್ಟಿಲಿನ ಬೆಲೆ ಖಡ್ಗದ ಹಾಗೆ ಅಗ್ಗವಲ್ಲ ಎಂಬುದು ನಿಜ, ಅದಕ್ಕೇ ಸಮಿತಿಗಳು ಅತ್ತ ಹೋಗುವುದಿಲ್ಲ.

ಎತ್ತಿನ ಹಲ್ಲು ಯಾಕೆ ಎಣಿಸುತ್ತಿದ್ದೇನೆಂದರೆ, ಮುಂದಿನ ತಿಂಗಳು ನಮ್ಮ ಸುತ್ತಿನ ನರ್ಸಬಾಯಿ ನಿವೃತ್ತಿಯಾಗುತ್ತಾರೆ. ಮಳೆಯಲ್ಲಿ, ಕಾಡಿನ ಹಾದಿಯಲ್ಲಿ ನಡೆದುಹೋಗಿ ಈ ಭಾಗದ ಅರ್ಧ ಮಕ್ಕಳ ಹೊಕ್ಕುಳ ಕೊಯ್ದವರು ಅವರು. ಸತ್ಕಾರ ಸಮಿತಿಯವರು ಖಡ್ಗಕ್ಕೆ ಹುಬ್ಬಳ್ಳಿಯಲ್ಲಿ ದರ ಕೇಳಿ ಬಂದಿದ್ದಾರೆ. "ವೀರವನಿತೆಗೆ ವೀರ ಕಾಣಿಕೆ" ಅಂತ ಬ್ಯಾನರಿನ ಮಾತೂ ತಯಾರಾಗಿದೆ. ಸಭೆಯಲ್ಲಿ ನಾನು ಇಷ್ಟೆಲ್ಲ ಹೇಳಿದೆ. ಹಿರಿಯರೊಬ್ಬರು, "ಅಕ್ಕೋರು ಪಾಠಾ ಛಲೋ ಹೇಳ್ತಾರ" ಅಂದರು, ಎಲ್ಲರೂ ಚಹಾ ಕುಡಿದರು. ಮುಂಗಡ ಇನ್ನೂ ಕೊಟ್ಟಿಲ್ಲವಂತೆ.

ನಾನು ಸುಮ್ಮನಿರದೆ ಆ ಬಾಯಿಯವರನ್ನೇ ಕೇಳಿದೆ, ನಿಮಗೆ ಏನು ಕೊಟ್ಟರೆ ಇಷ್ಟ ಅಂತ. ಅವರು ಬಹಳ ಹೊತ್ತು ನಾಚಿಕೊಂಡು ಕಡೆಗೆ ಹೇಳಿದರು: "ಒಂದ ಛಲೋ ಕುರ್ಚಿ ಕೊಡಸ್ರಿ ಅಕ್ಕೋರ, ಕೈ ಇಟ್ಟಕೊಂಡ ಏಳಾಕ ಬರೂವಂಥಾದ್ದು. ಮೊಣಕಾಲು ಭಾಳ ನೋಯಸ್ತಾವ."